ಕಾವಲಿಯ ಆಚೆ ನಿಂತವರಿಗೆ ಊಟ ಆಯ್ತಾ?

ಇಡ್ಲಿ ಬೆಳ್ಳಗಿರುತ್ತದೆ, ದೋಸೆ ಕೆಂಪಗಿರುತ್ತದೆ. ಎರಡಕ್ಕೂ ರುಬ್ಬುವುದು ಅಕ್ಕಿ ಮತ್ತು ಉದ್ದಿನಬೇಳೆಯನ್ನೇ. ಹಾಗಿದ್ದ ಮೇಲೆ ದೋಸೆಗೆ ಮಾತ್ರ ಆ ಬಣ್ಣ, ಆ ಘಮ ಎಲ್ಲಿಂದ ಬಂತು? ಮಕ್ಕಳೇ, ಇದರ ಉತ್ತರ ಒಲೆಯ ಮೇಲಿನ ಕಾವಲಿಯಲ್ಲಿದೆ. ಅದನ್ನು ಸ್ವಲ್ಪ ಹೊತ್ತಿನಲ್ಲೇ ನೋಡೋಣ. ಅದಕ್ಕೆ ಮುಂಚೆ ಒಂದು ಬೇರೆ ಕಾವಲಿಯ ಕಥೆ ಹೇಳುತ್ತೇನೆ.

ಕಾವಲಿಯನ್ನು ಊಟದ ಮೇಜಿನಷ್ಟು ಅಗಲವಾಗಿ ಮಾಡಿ, ಅದರ ಸುತ್ತ ಜನರನ್ನು ಕೂರಿಸಿ, ಅವರ ಕಣ್ಣೆದುರಿಗೇ ಬೇಯಿಸಿ ಬಡಿಸುವ ಪದ್ಧತಿಯೊಂದು ಜಪಾನಿನಲ್ಲಿದೆ. ಅದರ ಹೆಸರು ತೆಪ್ಪನ್‌ಯಾಕಿ. ‘ತೆಪ್ಪನ್’ ಎಂದರೆ ಕಬ್ಬಿಣದ ಹಲಗೆ. ‘ಯಾಕಿ’ ಎಂದರೆ ಸುಟ್ಟದ್ದು, ಹುರಿದದ್ದು. ಮೂರನೇ ಕ್ಲಾಸಿನ ನನ್ನ ಮೊಮ್ಮಗನಿಗೆ ಈ ಹೆಸರು ಕೇಳಿದ ಕೂಡಲೇ ನಗು ಬಂತು. “ತೆಪ್ಪ ಯಾಕೆ ತಾತ? ದೋಣಿ ಇಲ್ವಾ?” ಎಂದು ಕೇಳಿದ. ಹೋಟೆಲು ಹಲಸೂರು ಕೆರೆಯ ಕಡೆ ಇದೆ ಎಂದು ಅವನಿಗೆ ಮೊದಲೇ ಹೇಳಿದ್ದೆವು!

ಕಮ್ಮನಹಳ್ಳಿಯ ಕಾವಲಿಗಳು

ಕಾವಲಿಗಳ ಮೇಳ ನೋಡಬೇಕಾದರೆ ಸಂಜೆ ಆರರ ಮೇಲೆ ನಮ್ಮ ಕಮ್ಮನಹಳ್ಳಿಗೆ ಬನ್ನಿ. ಮುಖ್ಯರಸ್ತೆಯಲ್ಲಿ ನಡೆಯುತ್ತಾ ಹೋದರೆ ಒಂದು ಕಡೆ ದರ್ಶಿನಿಯವರು ಕಾದ ಕಾವಲಿಗೆ ನೀರೆರಚಿ, ಕಡ್ಡಿಪೊರಕೆಯಿಂದ ಗುಡಿಸಿ, ಒಂದೇ ಸಲಕ್ಕೆ ಏಳೆಂಟು ದೋಸೆ ಹುಯ್ಯುತ್ತಿರುತ್ತಾರೆ. ಪಕ್ಕದ ಕೇರಳದವರ ಅಂಗಡಿಯಲ್ಲಿ ಪರೋಟದ ಹಿಟ್ಟನ್ನು ಬಟ್ಟೆ ಒಗೆದಂತೆ ಬೀಸುತ್ತಿರುತ್ತಾರೆ. ಇನ್ನೊಂದು ಕಡೆ ತಮಿಳುನಾಡಿನವರು ಕೊತ್ತು ಪರೋಟ ಮಾಡುತ್ತಾ ಕಾವಲಿಯ ಮೇಲೆ ಟಕ ಟಕ ಟಕ ಎಂದು ತಾಳ ಹಾಕುತ್ತಿರುತ್ತಾರೆ. ಈ ಶಬ್ದ ರಸ್ತೆಯ ಆ ತುದಿಗೂ ಕೇಳಿಸುತ್ತದೆ. ಇವೆಲ್ಲದರ ನಡುವೆ ಈಶಾನ್ಯ ರಾಜ್ಯಗಳ ಹುಡುಗರು, ಓದಲು ಬಂದ ಆಫ್ರಿಕಾದ ವಿದ್ಯಾರ್ಥಿಗಳು, ತರಕಾರಿ ಚೀಲ ಹಿಡಿದ ನನ್ನಂಥ ಮುದುಕರು. ದೇಶ ವಿದೇಶದ ರುಚಿ ನಮ್ಮ ಈ ಕಡೆಗೆ ಹೊಸದಲ್ಲ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಹೂಡಿದಂದಿನಿಂದ ಬ್ರೆಡ್ಡು, ಬಿಸ್ಕತ್ತು, ಕೇಕು ಎಲ್ಲವೂ ಒಂದೊಂದಾಗಿ ಬಂದು ನಮ್ಮವೇ ಆದವು.

ಜಪಾನಿನವರು ಬಂದದ್ದು ಬಹಳ ತಡವಾಗಿ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 1999ರ ಕೊನೆಯಲ್ಲಿ ಕಾರು ತಯಾರಿ ಶುರುವಾಯಿತು. ಆ ಕಾಲದ ಕ್ವಾಲಿಸ್ ಗಾಡಿ ಅಜ್ಜಂದಿರಿಗೆಲ್ಲ ನೆನಪಿರುತ್ತದೆ. ಆಮೇಲೆ ಕೋಲಾರದ ನರಸಾಪುರದಲ್ಲಿ ಹೋಂಡಾದವರ ಸ್ಕೂಟರ್ ಕಾರ್ಖಾನೆ ಬಂತು. ಇಂಥ ಕಡೆ ಕೆಲಸಕ್ಕೆ ಬಂದ ಜಪಾನೀಯರು ಕುಟುಂಬ ಸಮೇತ ಬೆಂಗಳೂರಿನಲ್ಲಿ ಉಳಿದರು. ಊರು ಬಿಟ್ಟು ಬಂದವರಿಗೆ ಮೊದಲು ನೆನಪಾಗುವುದು ಮನೆಯ ಅಡುಗೆಯೇ ತಾನೆ? ಹಾಗೆ ಅವರ ಊಟದ ಹೋಟೆಲುಗಳೂ ನಗರದಲ್ಲಿ ಕಾಣಿಸಿಕೊಂಡವು.

ಅಜ್ಜಿಗೆ ಒಲೆಯಿಂದ ರಜೆ

ಕಳೆದ ತಿಂಗಳು ನಮ್ಮ ಮನೆಯವರಿಗೆ ಎಪ್ಪತ್ತು ತುಂಬಿತು. “ಅವತ್ತು ಅಜ್ಜಿ ಒಲೆ ಹತ್ತಿರಾನೇ ಹೋಗಬಾರದು” ಎಂದು ಮೊಮ್ಮಕ್ಕಳಿಬ್ಬರೂ ಕಾನೂನು ಮಾಡಿದರು. ಏಳನೇ ಕ್ಲಾಸಿನ ಮೊಮ್ಮಗಳು ಹೋಟೆಲನ್ನೂ ಅವಳೇ ಹುಡುಕಿಟ್ಟಿದ್ದಳು. “ಅಲ್ಲಿ ನಮಗೇನು ಸಿಗತ್ತೆ? ಬರೀ ಮೀನು ತಿಂತಾರಂತೆ” ಎಂದು ನಮ್ಮ ಮನೆಯವರು ರಾಗ ಎಳೆದರು. ಮಗ ಫೋನು ಮಾಡಿ ವಿಚಾರಿಸಿದ. ತರಕಾರಿಯ ಊಟವನ್ನೇ ಬೇರೆ ಮಾಡಿ ಕೊಡುತ್ತೇವೆ ಎಂದರು.

ಸಸ್ಯಾಹಾರಿಗಳಿಗೆ ಇಲ್ಲೇ ಒಂದು ಸೂಚನೆ ಕೊಟ್ಟುಬಿಡುತ್ತೇನೆ. ಜಪಾನಿನ ಅಡುಗೆಯಲ್ಲಿ ‘ದಾಶಿ’ ಎಂಬ ಸಾರು ಬಹಳ ಕಡೆ ಸೇರುತ್ತದೆ. ಅದನ್ನು ಸಾಮಾನ್ಯವಾಗಿ ಒಣಗಿಸಿದ ಮೀನಿನ ಚೂರು ಮತ್ತು ಸಮುದ್ರದ ಪಾಚಿಯಿಂದ ಕಾಯಿಸುತ್ತಾರೆ. ಸೂಪಿನಲ್ಲಿ ಕಣ್ಣಿಗೆ ಮೀನು ಕಾಣದಿದ್ದರೂ ದಾಶಿ ಇರಬಹುದು. ಆದ್ದರಿಂದ ಮೊದಲೇ ಕೇಳಿಕೊಳ್ಳಬೇಕು. ಮಾಂಸ ಬೇಯಿಸಿದ ಹಲಗೆಯಲ್ಲೇ ತರಕಾರಿಯನ್ನೂ ಬೇಯಿಸುವುದರಿಂದ ಅದನ್ನು ಚೆನ್ನಾಗಿ ಉಜ್ಜಿ ಕೊಡಿ ಎಂದೂ ಹೇಳಬೇಕು. ಕೇಳಲು ಸಂಕೋಚ ಬೇಡ. ಜಪಾನಿನಲ್ಲೇ ಬೌದ್ಧ ಸನ್ಯಾಸಿಗಳಿಗಾಗಿ ಮೀನು ಮಾಂಸ ಸೇರಿಸದ ಅಡುಗೆಯ ಪರಂಪರೆ ನೂರಾರು ವರ್ಷಗಳಿಂದ ಇದೆ.

ಲಿಂಗರಾಜಪುರದ ಮೇಲ್ಸೇತುವೆ ಇಳಿದು, ಕಾಕ್ಸ್ ಟೌನ್ ಹಾದು, ಎರಡು ಆಟೋದಲ್ಲಿ ಹಲಸೂರು ತಲುಪಿದೆವು. ಬಹಳ ಚಿಕ್ಕ ಜಾಗ. ಎತ್ತರದ ಕುರ್ಚಿಗಳು ಹತ್ತಿದ್ದವೋ ಏನೋ. ಅವುಗಳ ಮುಂದೆ ಕನ್ನಡಿಯಂತೆ ಹೊಳೆಯುವ ಕಬ್ಬಿಣದ ಹಲಗೆ. ಆಚೆ ಬದಿಗೆ ಬಿಳಿ ಟೋಪಿ ಹಾಕಿದ ಒಬ್ಬ ಹುಡುಗ, ಇಪ್ಪತ್ತೈದು ವರ್ಷ ಇದ್ದೀತು. ಡಾರ್ಜಿಲಿಂಗ್ ಬೆಟ್ಟದ ಕಡೆಯವನಂತೆ. ನಡುಬಗ್ಗಿಸಿ ನಮಸ್ಕರಿಸಿ ಕೆಲಸ ಶುರು ಮಾಡಿದ.

ಮೊದಲು ಹಲಗೆಗೆ ನಾಲ್ಕು ತೊಟ್ಟು ನೀರು ಹಾಕಿದ. ಆಮೇಲೆ ಎಣ್ಣೆ. ಕುಂಬಳಕಾಯಿ, ಬದನೆಕಾಯಿ, ಅಣಬೆ, ಗೆಣಸು, ಮೊಳಕೆ ಕಾಳು, ಸೋಯಾ ಹಾಲಿನಿಂದ ಮಾಡಿದ ತೋಫು ಒಂದೊಂದಾಗಿ ಬಂದವು. ಈರುಳ್ಳಿಯ ಬಿಲ್ಲೆಗಳನ್ನು ಗೋಪುರದಂತೆ ಜೋಡಿಸಿ ನಡುವೆ ನೀರು ಬಿಟ್ಟಾಗ ಬುಸ್ ಎಂದು ಹಬೆ ಎದ್ದಿತು. ಮೊಮ್ಮಗ ಚಪ್ಪಾಳೆ ತಟ್ಟಿದ. ಹುಡುಗನ ಎರಡೂ ಕೈಯಲ್ಲಿ ಸಟ್ಟುಗ. ಒಂದು ಒತ್ತಿ ಹಿಡಿದರೆ ಇನ್ನೊಂದು ಮಗುಚುತ್ತದೆ. ನಮ್ಮ ಮನೆಯವರು ಅವನ ಕೈಯನ್ನೇ ನೋಡುತ್ತಿದ್ದರು. “ನೋಡ್ರೀ, ಬದನೆಕಾಯಿ ಬೇಗ ಬೇಯತ್ತೆ ಅಂತ ಪಕ್ಕಕ್ಕೆ ಸರಿಸ್ದ. ಕೆಲಸ ಗೊತ್ತಿರೋ ಹುಡುಗ” ಎಂದು ನನ್ನ ಕಿವಿಯಲ್ಲಿ ಹೇಳಿದರು. ಹೌದು, ಹಲಗೆಯ ಕೆಳಗೆ ಬೆಂಕಿ ಇರುವುದು ನಡುವಿನಲ್ಲಿ. ಅಂಚಿಗೆ ಹೋದಷ್ಟೂ ಕಾವು ಕಡಿಮೆ. ನಡುವೆ ಬೇಯಿಸುತ್ತಾರೆ, ಅಂಚಿನಲ್ಲಿ ಬೆಚ್ಚಗೆ ಇಡುತ್ತಾರೆ.

ಯುದ್ಧದ ಬೂದಿಯಿಂದ ಎದ್ದ ರುಚಿ

ತೆಪ್ಪನ್‌ಯಾಕಿ ತುಂಬ ಹಳೆಯದಿರಬೇಕು ಎಂದುಕೊಂಡಿದ್ದೀರಾ? ಅದಕ್ಕೆ ನಮ್ಮ ಮನೆಯವರಿಗಿಂತ ಸ್ವಲ್ಪವೇ ಹೆಚ್ಚು ವಯಸ್ಸು. 1945ರಲ್ಲಿ, ಎರಡನೇ ಮಹಾಯುದ್ಧ ಮುಗಿದ ವರ್ಷ, ಕೋಬೆ ನಗರದಲ್ಲಿ ಶಿಗೆಜಿ ಫುಜಿಯೊಕಾ ಎಂಬುವರು ‘ಮಿಸೊನೊ’ ಎಂಬ ಹೋಟೆಲು ತೆರೆದರು. ಕಬ್ಬಿಣದ ಹಲಗೆಯ ಮೇಲೆ ಮಾಂಸ, ತರಕಾರಿಗಳನ್ನು ಗಿರಾಕಿಯ ಎದುರೇ ಬೇಯಿಸಿ ಕೊಡುವ ಈ ಪದ್ಧತಿ ಶುರುವಾದದ್ದು ಅಲ್ಲಿಂದ ಎನ್ನುತ್ತಾರೆ. ಬಾಂಬುಗಳಿಂದ ಸುಟ್ಟುಹೋಗಿದ್ದ ಊರು ಅದು. ಜಪಾನೀಯರಿಗಿಂತ ಹೆಚ್ಚಾಗಿ ಅಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೈನಿಕರಿಗೆ ಈ ಊಟ, ಈ ಕೈಚಳಕ ಮೆಚ್ಚುಗೆಯಾಯಿತು.

ಅದನ್ನು ಅಮೆರಿಕದಲ್ಲಿ ಮನೆಮಾತು ಮಾಡಿದವರು ಹಿರೊಆಕಿ ಅಯೋಕಿ. ಕುಸ್ತಿಪಟುವಾಗಿ ಅಮೆರಿಕಕ್ಕೆ ಹೋದ ಈ ಯುವಕ ನ್ಯೂಯಾರ್ಕಿನ ಬೀದಿಗಳಲ್ಲಿ ಗಾಡಿಯಲ್ಲಿ ಐಸ್‌ಕ್ರೀಂ ಮಾರಿ ದುಡ್ಡು ಕೂಡಿಟ್ಟರು. 1964ರಲ್ಲಿ ನಾಲ್ಕೇ ನಾಲ್ಕು ಮೇಜು ಹಾಕಿ ‘ಬೆನಿಹಾನ’ ಎಂಬ ಹೋಟೆಲು ತೆರೆದರು. ಬೆನಿಹಾನ ಎಂದರೆ ಯಾವ ಹೂವು ಗೊತ್ತೇ? ನಮ್ಮ ಉತ್ತರ ಕರ್ನಾಟಕದ ಹೊಲಗಳಲ್ಲಿ ಬೆಳೆಯುವ ಕುಸುಬೆ! ಯುದ್ಧದಲ್ಲಿ ಪಾಳುಬಿದ್ದ ಟೋಕಿಯೊದ ಅವಶೇಷಗಳ ನಡುವೆ ಅಯೋಕಿಯ ತಂದೆಗೆ ಒಂದು ಕೆಂಪು ಕುಸುಬೆ ಹೂವು ಕಂಡಿತಂತೆ, ಅದನ್ನೇ ತಮ್ಮ ಅಂಗಡಿಗೆ ಹೆಸರಾಗಿ ಇಟ್ಟರಂತೆ. ಇದು ಆ ಕುಟುಂಬದವರು ಹೇಳುತ್ತಾ ಬಂದಿರುವ ಕಥೆ. ಈರುಳ್ಳಿ ಗೋಪುರ, ಸಟ್ಟುಗದ ಆಟ ಇವೆಲ್ಲ ಅಮೆರಿಕದಲ್ಲಿ ಬೆಳೆದ ಚಮತ್ಕಾರಗಳು. ಜಪಾನಿನಲ್ಲಿ ತೆಪ್ಪನ್‌ಯಾಕಿಯವರು ಇಷ್ಟೊಂದು ಆಟವಾಡುವುದಿಲ್ಲ.

ಯುದ್ಧ ನಮ್ಮ ತಟ್ಟೆಯನ್ನೂ ಬದಲಿಸಿದೆ. 1924ರಲ್ಲಿ ಶುರುವಾದ ನಮ್ಮ ಎಂಟಿಆರ್ ಹೋಟೆಲಿನವರು ಅದೇ ಮಹಾಯುದ್ಧದ ದಿನಗಳಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಿಂದ ಇಡ್ಲಿ ಮಾಡಿ ನೋಡಿದರು. ಹಾಗೆ ಹುಟ್ಟಿದ್ದು ರವೆ ಇಡ್ಲಿ. ಗಾಂಧಿಬಜಾರಿನ ವಿದ್ಯಾರ್ಥಿ ಭವನ ಆರಂಭವಾದದ್ದೂ ಯುದ್ಧದ ನಡುವೆಯೇ, 1943ರಲ್ಲಿ.

ಜಪಾನಿನ ಕಾವಲಿಗೆ ನಮ್ಮ ಅಡುಗೆಮನೆಯಲ್ಲಿ ನೆಂಟರು ಇನ್ನೂ ಇದ್ದಾರೆ. ಎಲೆಕೋಸು ಹೆಚ್ಚಿ ಹಿಟ್ಟಿಗೆ ಕಲಸಿ ದಪ್ಪಗೆ ಹುಯ್ಯುವ ‘ಒಕೊನೊಮಿಯಾಕಿ’ ನಮ್ಮ ಊತಪ್ಪದ ಹಾಗೆ ಕಾಣುತ್ತದೆ. ಒಸಾಕಾ ಊರಿನ ‘ತಾಕೊಯಾಕಿ’ ಮಾಡುವ ಗುಳಿ ಗುಳಿಯ ಕಾವಲಿಯನ್ನು ನೋಡಿದರೆ ದಾವಣಗೆರೆ ಕಡೆಯವರು ಪಡ್ಡಿನ ಕಾವಲಿ ಎಂದೇ ಹೇಳುತ್ತಾರೆ. ಅದರೊಳಗೆ ಹಾಕುವುದು ಮಾತ್ರ ಬೇರೆ, ಸಮುದ್ರದ ಆಕ್ಟೋಪಸ್.

ಕುಣಿಯುವ ನೀರು, ಕೆಂಪಾಗುವ ದೋಸೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಇಡ್ಲಿ ಬೇಯುವುದು ನೀರಿನ ಹಬೆಯಲ್ಲಿ. ಅಲ್ಲಿ ಕಾವು ಹೆಚ್ಚು ಕಡಿಮೆ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಕಬ್ಬಿಣದ ಕಾವಲಿ ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಸುಮಾರು 140 ಡಿಗ್ರಿಯ ಮೇಲೆ ಹಿಟ್ಟಿನಲ್ಲಿರುವ ಪ್ರೋಟೀನಿನ ಅಂಶವೂ ಸಕ್ಕರೆಯ ಅಂಶವೂ ಬೇಗಬೇಗ ಒಂದಕ್ಕೊಂದು ಸೇರಿ ಹೊಸ ಹೊಸ ಪದಾರ್ಥಗಳಾಗುತ್ತವೆ. ಆ ಕೆಂಬಣ್ಣ, ಆ ಘಮ ಅವುಗಳದ್ದೇ. 1912ರಲ್ಲಿ ಇದನ್ನು ವಿವರಿಸಿದವರು ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್. ಅದಕ್ಕೆ ಇಂದಿಗೂ ಮೈಯಾರ್ ಕ್ರಿಯೆ ಎಂದೇ ಹೆಸರು. ದೋಸೆ ಹಿಟ್ಟಿಗೆ ಒಂದು ಚಿಟಿಕೆ ಸಕ್ಕರೆ ಹಾಕಿದರೆ ಇನ್ನೂ ಕೆಂಪಗೆ ಬರುತ್ತದೆ ಎಂಬುದು ಅಜ್ಜಿಯರಿಗೆ ಮೈಯಾರ್ ಅವರ ಹೆಸರು ಕೇಳದೆಯೇ ಗೊತ್ತು!

ಹುಡುಗ ಹಲಗೆಗೆ ನೀರು ಹಾಕಿದನಲ್ಲ, ಅದು ಕಾವು ಅಳೆಯುವ ಉಪಾಯ. ಕಾವಲಿ ಸಾಧಾರಣ ಕಾದಿದ್ದರೆ ಹನಿ ಚುರ್ ಎಂದು ಆರಿಹೋಗುತ್ತದೆ. ಬಹಳ ಕಾದಿದ್ದರೆ, ಅಂದರೆ ಸುಮಾರು 200 ಡಿಗ್ರಿ ಮುಟ್ಟಿದ್ದರೆ, ಆಶ್ಚರ್ಯ ನೋಡಿ, ಹನಿ ಬೇಗ ಆರುವುದಿಲ್ಲ. ಮುತ್ತಿನಂತೆ ಗುಂಡಗಾಗಿ ಅಲ್ಲಿಂದಿಲ್ಲಿಗೆ ಓಡಾಡುತ್ತದೆ. ಹನಿಯ ತಳಭಾಗ ಕೂಡಲೇ ಹಬೆಯಾಗಿ, ಆ ಹಬೆಯ ತೆಳುವಾದ ಚಾಪೆಯ ಮೇಲೆ ಉಳಿದ ನೀರು ತೇಲುತ್ತದೆ. ಕಬ್ಬಿಣ ತಾಗದೇ ಇರುವುದರಿಂದ ಆರಲು ತಡ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ 1756ರಲ್ಲಿ ಕೆಂಪಗೆ ಕಾಸಿದ ಕಬ್ಬಿಣದ ಚಮಚದಲ್ಲಿ ನೀರು ಹಾಕಿ ಇದನ್ನು ಗಮನಿಸಿ ಬರೆದಿಟ್ಟರು.

ದೋಸೆಗೆ ಇಷ್ಟು ಕಾವು ಆಗದು. ಹಿಟ್ಟು ಹುಯ್ದ ಕೂಡಲೇ ತಳ ಗಟ್ಟಿಯಾಗಿ, ಸೌಟಿಗೆ ಅಂಟಿಕೊಂಡು ಸುರುಳಿಯಾಗುತ್ತದೆ. ಅದಕ್ಕೇ ದೋಸೆ ಹುಯ್ಯುವವರು ಪ್ರತಿ ಸಲವೂ ನೀರೆರಚಿ ಕಾವಲಿಯ ಸಿಟ್ಟು ಇಳಿಸುತ್ತಾರೆ. ತೆಪ್ಪನ್ ಹಲಗೆ ಬೆರಳು ದಪ್ಪ ಇರುವುದಕ್ಕೂ ಕಾರಣವಿದೆ. ದಪ್ಪ ಕಬ್ಬಿಣ ಹೆಚ್ಚು ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ. ತಣ್ಣನೆಯ ತರಕಾರಿ ಬಿದ್ದ ಕೂಡಲೇ ಆರಿಹೋಗುವುದಿಲ್ಲ.

ಒಂದು ಪ್ರಶ್ನೆ

ಹಲಗೆಯಿಂದ ನೇರ ನಮ್ಮ ತಟ್ಟೆಗೆ ಬರುತ್ತಿತ್ತು. ನಮ್ಮ ಮನೆಯವರು ಅಣಬೆಯ ಒಂದು ಚೂರನ್ನು ಊದಿಕೊಂಡು ತಿಂದು, “ಬಾಯಿ ಸುಡತ್ತೆ ಕಣೇ” ಎಂದು ನಕ್ಕರು. ಮೊಮ್ಮಗಳು ಥಟ್ಟನೆ ಕೇಳಿದಳು: “ಅಜ್ಜಿ, ಮನೇಲಿ ನೀನು ಬಿಸಿ ದೋಸೆ ಯಾವಾಗ ತಿಂತೀಯ?”

“ನಾನಾ? ನಿಮ್ಮದೆಲ್ಲ ಆದ್ಮೇಲೆ. ಕೊನೇದು ನಂದು.”

ಕೊನೆಯ ದೋಸೆ ಎಂದರೆ ಏನೆಂದು ನನಗೆ ಚಿಕ್ಕಂದಿನಿಂದ ಗೊತ್ತು. ನನ್ನ ತಾಯಿ ಸೌದೆ ಒಲೆಯ ಮುಂದೆ ಕೂತು, ಕಣ್ಣು ಕೆಂಪಗೆ ಮಾಡಿಕೊಂಡು ಎಂಟು ಜನಕ್ಕೆ ಹುಯ್ಯುತ್ತಿದ್ದರು. ಎಲ್ಲರೂ ಎದ್ದ ಮೇಲೆ ಪಾತ್ರೆಯ ಅಂಚಿಗೆ ಅಂಟಿದ ಹಿಟ್ಟನ್ನು ನೀರು ಹಾಕಿ ಬಳಿದು, ತೆಳ್ಳಗೆ ಒಂದು ಹುಯ್ದುಕೊಳ್ಳುತ್ತಿದ್ದರು. ಅಷ್ಟು ಹೊತ್ತಿಗೆ ಚಟ್ನಿ ಮುಗಿದಿರುತ್ತಿತ್ತು. ಉಪ್ಪಿನಕಾಯಿಯ ರಸ ನಂಜಿಕೊಂಡು ತಿಂದು ಏಳುತ್ತಿದ್ದರು. ನೀವು ಯಾವ ಊರಿನ ಯಾವ ಮನೆಯಲ್ಲಿ ಬೆಳೆದಿದ್ದರೂ ಇಂಥ ಕೊನೆಯ ದೋಸೆ, ಕೊನೆಯ ರೊಟ್ಟಿ, ಕೊನೆಯ ಮುದ್ದೆ ನೋಡಿರುತ್ತೀರಿ.

ಮೊಮ್ಮಗಳ ಪ್ರಶ್ನೆ ಕೇಳಿಸಿಕೊಂಡ ನಮ್ಮ ಮನೆಯವರು ಏನನ್ನೋ ನೆನಪಿಸಿಕೊಂಡವರಂತೆ ತಲೆಯೆತ್ತಿ ಹಲಗೆಯ ಆಚೆ ನೋಡಿದರು. “ಏನಪ್ಪಾ, ನಿಂದು ಊಟ ಆಯ್ತಾ?”

ಹುಡುಗನ ಎರಡೂ ಸಟ್ಟುಗಗಳು ಒಂದು ಗಳಿಗೆ ನಿಂತವು. ಬೆಂಗಳೂರಿಗೆ ಬಂದವರು ಮೊದಲು ಕಲಿಯುವ ಕನ್ನಡವೇ ‘ಊಟ ಆಯ್ತಾ’. ಅವನಿಗೂ ಅರ್ಥವಾಗಿತ್ತು. “ಇಲ್ಲ ಅಮ್ಮಾ, ನಾಲ್ಕು ಗಂಟೆ. ಎಲ್ಲಾ ಹೋದ್ಮೇಲೆ” ಎಂದ. ಆಗ ಗಂಟೆ ಎರಡೂವರೆ. ಏನು ಊಟ ಎಂದು ಕೇಳಿದ್ದಕ್ಕೆ “ಅನ್ನ, ದಾಲ್” ಎಂದು ನಕ್ಕ. ಊರಿನಲ್ಲಿ ಅವನ ಅಜ್ಜಿ ಇದ್ದಾರಂತೆ. ಅವರೂ ದಿನಾ ಫೋನಿನಲ್ಲಿ ಇದನ್ನೇ ಕೇಳುತ್ತಾರಂತೆ, ನೇಪಾಳಿಯಲ್ಲಿ.

ನಾನು ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನು. ಆಚೆ ನಿಂತ ಗ್ರಾಹಕರಿಗೆ ಕಾಣುವುದು ಹೆಚ್ಚಾಗಿ ಗುಮಾಸ್ತನ ಕೈ: ನೋಟು ಎಣಿಸುವ ಕೈ, ಸೀಲು ಒತ್ತುವ ಕೈ. ಪಿಂಚಣಿ ತೆಗೆದುಕೊಳ್ಳಲು ಬರುತ್ತಿದ್ದ ಒಬ್ಬ ಅಜ್ಜಿ ಮಾತ್ರ ಪ್ರತಿ ತಿಂಗಳೂ ಚೀಟಿ ಕೊಡುವ ಮೊದಲು “ಊಟ ಆಯ್ತಾ ಸ್ವಾಮಿ?” ಎಂದು ಕೇಳುತ್ತಿದ್ದರು. ಸಾವಿರಾರು ಗ್ರಾಹಕರಲ್ಲಿ ಆ ಮುಖ ಇಂದಿಗೂ ಮರೆತಿಲ್ಲ.

ತೆಪ್ಪನ್‌ಯಾಕಿಯಲ್ಲಿ ನನಗೆ ಹಿಡಿಸಿದ್ದು ಇದೇ. ಬೇರೆ ಹೋಟೆಲುಗಳಲ್ಲಿ ಅಡುಗೆಯವರು ಗೋಡೆಯ ಹಿಂದೆ ಇರುತ್ತಾರೆ. ಈಗಂತೂ ಊಟ ಫೋನಿನಲ್ಲಿ ಒತ್ತಿದರೆ ಡಬ್ಬಿಯಲ್ಲಿ ಬರುತ್ತದೆ. ಇಲ್ಲಿ ಬೇಯಿಸುವವರ ಮುಖ ತಿನ್ನುವವರ ಎದುರಿಗೇ ಇರುತ್ತದೆ. ಮಾತಾಡಿಸದೇ ಎದ್ದು ಬರಲು ಮನಸ್ಸಾಗುವುದಿಲ್ಲ.

ಜಪಾನೀಯರು ಊಟಕ್ಕೆ ಮುಂಚೆ ಕೈಜೋಡಿಸಿ ‘ಇತದಾಕಿಮಾಸು’ ಎನ್ನುತ್ತಾರೆ. ವಿನಯದಿಂದ ಸ್ವೀಕರಿಸುತ್ತೇನೆ ಎಂದು ಅರ್ಥ. ಊಟ ಮುಗಿದ ಮೇಲೆ ‘ಗೋಚಿಸೋಸಾಮ’. ಇದರೊಳಗಿನ ‘ಚಿಸೋ’ ಎಂಬುದರ ಮೂಲ ಅರ್ಥ ಓಡಾಡುವುದು. ಈ ಊಟಕ್ಕಾಗಿ ಅಲ್ಲಿ ಇಲ್ಲಿ ಓಡಾಡಿ ಒದಗಿಸಿದವರಿಗೆ ಅದು ವಂದನೆ. ನಮ್ಮ ಕಡೆ ಪಂಕ್ತಿಯಿಂದ ಏಳುವಾಗ ಹಿರಿಯರು ‘ಅನ್ನದಾತಾ ಸುಖೀಭವ’ ಎನ್ನುತ್ತಿದ್ದರಲ್ಲ, ಅದೇ ಭಾವ. ಮೊಮ್ಮಕ್ಕಳು ಏಳುವಾಗ ಆ ಹುಡುಗನಿಗೆ ಎರಡನ್ನೂ ಹೇಳಿದರು. ಅವನು ಮತ್ತೆ ನಡುಬಗ್ಗಿಸಿದ. ಬಿಲ್ಲು ಮಗ ಕೊಟ್ಟ. ಹಳೆಯ ಅಭ್ಯಾಸ, ಓರೆಗಣ್ಣಿನಲ್ಲಿ ನೋಡಿದೆ. ನಮ್ಮ ಮನೆಯ ಒಂದು ತಿಂಗಳ ತರಕಾರಿ ಖರ್ಚಿಗೆ ಹತ್ತಿರ ಇತ್ತು. ದಿನಾ ಹೋಗುವ ಜಾಗವಲ್ಲ.

ಈ ಭಾನುವಾರ ನಿಮ್ಮ ಮನೆಯಲ್ಲಿ

ಆದರೆ ಮಕ್ಕಳೇ, ಇದಕ್ಕೆ ಜಪಾನೂ ಬೇಡ, ಹಲಸೂರೂ ಬೇಡ. ಮನೆಯ ಕಾವಲಿ ಸಾಕು.

ಮೊದಲು ನೀರಿನ ಹನಿಯ ಪ್ರಯೋಗ. ದೊಡ್ಡವರು ಪಕ್ಕದಲ್ಲಿರಬೇಕು, ಕಬ್ಬಿಣದ ಕಾವಲಿಯೇ ಆಗಬೇಕು. ನಾನ್‌ಸ್ಟಿಕ್ ಪಾತ್ರೆಯನ್ನು ಖಾಲಿ ಕಾಯಿಸಬಾರದು. ಎಣ್ಣೆ ಸವರದ ಕಾವಲಿಗೆ ಚಮಚದಿಂದ ಒಂದೊಂದೇ ಹನಿ ಹಾಕಿ, ದೂರ ನಿಂತು ನೋಡಿ. ಯಾವಾಗ ಚುರ್ ಎನ್ನುತ್ತದೆ, ಯಾವಾಗ ಕುಣಿಯುತ್ತದೆ ಎಂದು ಬರೆದಿಡಿ.

ಎರಡನೆಯದು ಸರದಿ. ನಮ್ಮ ಮನೆಯಲ್ಲಿ ಈಗ ಭಾನುವಾರದ ದೋಸೆಗೆ ಮೊಮ್ಮಗಳು ಕ್ಯಾಲೆಂಡರಿನಲ್ಲಿ ಹೆಸರು ಬರೆದಿಟ್ಟಿದ್ದಾಳೆ. ಒಂದು ವಾರ ಮಗ, ಒಂದು ವಾರ ಸೊಸೆ, ಒಂದು ವಾರ ನಾನು. ಅಪ್ಪನ ವಾರದಲ್ಲಿ ಅವನ ಪಕ್ಕ ನಿಂತು ಅವಳೂ ಎರಡು ಹುಯ್ಯುತ್ತಾಳೆ. ಮೊದಲ ದೋಸೆ ಅಜ್ಜಿಗೆ. ನಾಲ್ಕು ದೋಸೆ ಆದ ಮೇಲೆ ಕಾವಲಿಯ ಮುಂದಿರುವವರು ಕೂರಬೇಕು, ತಿಂದವರು ಏಳಬೇಕು. ಚಟ್ನಿಯನ್ನು ಕೊನೆಯವರಿಗೆಂದು ಮೊದಲೇ ಎತ್ತಿಡಬೇಕು. ಚಿಕ್ಕವನಿಗೆ ಬೆಂಕಿಯ ಹತ್ತಿರ ಕೆಲಸವಿಲ್ಲ. ತಟ್ಟೆ ಇಡುವುದು, ನೀರು ಬಡಿಸುವುದು, ಒಳಗಿರುವವರನ್ನು “ನಿಂದು ಆಯ್ತಾ?” ಎಂದು ಕೇಳುವುದು ಅವನ ಪಾಲು. ಇದನ್ನು ಅವನು ಬಹಳ ಗಟ್ಟಿಯಾಗಿಯೇ ಮಾಡುತ್ತಾನೆ. ಪಕ್ಕದ ಮನೆಯವರಿಗೂ ಕೇಳಿಸುತ್ತದೆ.

ಹೋದ ಭಾನುವಾರ ನನ್ನ ಸರದಿ. ಮೊದಲ ದೋಸೆ ಅಂಚಿನಲ್ಲಿ ದಪ್ಪ, ನಡುವೆ ತೆಳು. ನಮ್ಮ ಮನೆಯವರು ತಟ್ಟೆ ತಿರುಗಿಸಿ ನಾಲ್ಕು ಕಡೆಯಿಂದ ನೋಡಿದರು. “ಕಾವಲಿ ಇನ್ನೂ ಸ್ವಲ್ಪ ಕಾಯಬೇಕಿತ್ತು” ಎಂದರು. ತಿಂದು ಮುಗಿಸಿ, “ಇನ್ನೊಂದು ಹಾಕಿ” ಎಂದರು.